ಟೈಪ್ ಮಾಡದ ಹನ್ನೊಂದು ಸಾಲು

ಫೆಬ್ರವರಿ ತಿಂಗಳ ಎರಡನೆಯ ಮಂಗಳವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಡಚ್ಚರ ನಾಡಿನ ಜೂಟರ್‌ಮೀರ್, ನಾಲ್ಕನೆಯ ಮಹಡಿಯ ನನ್ನ ಮನೆ, ಅಡುಗೆಮನೆಯ ಮೇಜು. ಹಾಜರಿರುವವರು: ನಾನೊಬ್ಬಳೇ.

ಒಪ್ಪಿಕೊಳ್ಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕಣ್ಣು ಕಾಣದ ಒಬ್ಬ ಹೆಂಗಸು ನನ್ನನ್ನು ನಂಬಿ ತಮ್ಮ ಜೀವನಕಥೆಯನ್ನು ಹೇಳಿ ಬರೆಸಿದರು. ಅದರಲ್ಲಿ ಹನ್ನೊಂದು ಸಾಲುಗಳನ್ನು ನಾನು ಬೇಕೆಂದೇ ಟೈಪ್ ಮಾಡಲಿಲ್ಲ. ಟೈಪ್ ಮಾಡಿದ್ದನ್ನು ಅವರಿಗೆ ಓದಿ ಹೇಳುವಾಗ ಎಲ್ಲವೂ ಇದೆ ಎಂದು ಸುಳ್ಳು ಹೇಳಿದೆ. ಆ ಹನ್ನೊಂದು ಸಾಲು ನನ್ನ ಬಗ್ಗೆ ಇದ್ದವು. ಅವು ನಿಜವಾಗಿದ್ದವು.

ಇದಾಗಿ ಮೂರು ವರ್ಷ. ನಾಳೆ ಆ ಪುಸ್ತಕ ಅಚ್ಚಿಗೆ ಹೋಗುತ್ತದೆ. ಇವತ್ತು ಹತ್ತೂವರೆಗೆ ರಾಟರ್‌ಡ್ಯಾಮಿನಲ್ಲಿ ಅವರ ಮುಂದೆ ಕೂತು ಇದನ್ನು ಹೇಳಬೇಕು. ಹೇಳುತ್ತೇನೋ ಇಲ್ಲವೋ — ಈ ಗಳಿಗೆಯಲ್ಲಿ ನನಗೇ ಖಾತರಿಯಿಲ್ಲ. ಅದಕ್ಕೇ ಮೊದಲು ಕಾಗದದ ಮೇಲೆ ಹಾಕುತ್ತಿದ್ದೇನೆ. ಬರೆದಿಟ್ಟದ್ದರಿಂದ ತಪ್ಪಿಸಿಕೊಳ್ಳುವವಳಲ್ಲ ನಾನು — ಎಂದು ಬರೆಯಲು ಹೊರಟಿದ್ದೆ. ತಪ್ಪಿಸಿಕೊಂಡವಳೇ ಅಲ್ಲವೇ!

ನನ್ನ ಹೆಸರು ವನಜಾ. ವಯಸ್ಸು ಎಪ್ಪತ್ತನಾಲ್ಕು. ಮೈಸೂರಿನಲ್ಲಿ ನ್ಯಾಯಾಲಯದ ಸ್ಟೆನೋ ಆಗಿ ಹದಿನಾರು ವರ್ಷ ದುಡಿದೆ. ಯಜಮಾನರಿಗೆ ರಾಟರ್‌ಡ್ಯಾಮ್ ಬಂದರಿನ ಕಡೆ ಕೆಲಸ ಸಿಕ್ಕಿ ಈ ದೇಶಕ್ಕೆ ಬಂದ ಮೇಲೆ, ಹೇಗ್ ನಗರದ ವಕೀಲರೊಬ್ಬರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಇಂಗ್ಲಿಷ್ ಟೈಪಿಂಗ್ ಮಾಡಿದೆ. ಯಜಮಾನರು ತೀರಿಹೋಗಿ ಹನ್ನೆರಡು ವರ್ಷವಾಯಿತು. ಮಗಳು ಅನು ಎರಡು ಸ್ಟಾಪ್ ಆಚೆ ಇದ್ದಾಳೆ. ನನ್ನ ದಿನ ಗಡಿಯಾರದ ಹಾಗೆ ನಡೆಯುತ್ತದೆ. ಐದೂವರೆಗೆ ಏಳುವುದು, ಆರಕ್ಕೆ ಕಾಫಿ, ಏಳಕ್ಕೆ ದೇವರ ದೀಪ, ಹನ್ನೊಂದಕ್ಕೆ ಎರಡನೆಯ ಕಾಫಿ, ರಾತ್ರಿ ಒಂಬತ್ತೂವರೆಗೆ ನಿದ್ದೆ. ಮೈಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ರೂಲರಿನಿಂದ ಮೇಜು ಕುಟ್ಟಿ ಹೇಳುತ್ತಿದ್ದರು: “ಕಿವಿಗೆ ಬಿದ್ದದ್ದು ನೋಟ್‌ಬುಕ್ಕಿಗೆ, ನೋಟ್‌ಬುಕ್ಕಲ್ಲಿದ್ದದ್ದು ಕಾಗದಕ್ಕೆ. ಮಧ್ಯದಲ್ಲಿ ನಿಮ್ಮ ಬುದ್ಧಿವಂತಿಕೆ ಬೇಡ.” ಮೂವತ್ತೈದು ವರ್ಷ ಆ ಮಾತನ್ನು ಮೀರಲಿಲ್ಲ. ಮೀರಿದ್ದು ಸಂಬಳವಿಲ್ಲದೆ, ಸ್ನೇಹಕ್ಕೆಂದು ಮಾಡಿದ ಒಂದೇ ಒಂದು ಕೆಲಸದಲ್ಲಿ.

ಅರ್ಲೀನ್ ಇದೇ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದರು. ಅಮೆರಿಕದ ಕಪ್ಪು ಹೆಂಗಸು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಒಂದು ದಿನ ಲಿಫ್ಟಿನ ಪಕ್ಕದ ನೋಟೀಸ್ ಬೋರ್ಡಿನಲ್ಲಿ ಚೀಟಿ ಕಂಡಿತು: ‘ಸಿಟ್ಟುಗೊಂಡ ಮುದುಕಿ ಮಾತಾಡುವಷ್ಟೇ ವೇಗದಲ್ಲಿ ಬರೆಯಬಲ್ಲವರು ಬೇಕು.’ ಸರ್ಟಿಫಿಕೇಟು, ಎರಡು ಚೂಪು ಪೆನ್ಸಿಲ್, ಹೊಸ ನೋಟ್‌ಬುಕ್ ಹಿಡಿದು ಕೆಳಗಿಳಿದೆ. ಅವರು ಪರೀಕ್ಷೆಗೆಂದು ಐದು ನಿಮಿಷ ಬಿಡದೆ ಮಾತಾಡಿದರು. ಕಣ್ಣಿನ ಡಾಕ್ಟರನ್ನು ಬೈದರು, ಟ್ರಾಮಿನ ಮೆಟ್ಟಿಲನ್ನು ಬೈದರು, ಕೊನೆಗೆ ಹವಾಮಾನವನ್ನು ಒಂದು ಕೆಟ್ಟ ಪದದಿಂದ ಬೈದರು. ನಾನು ಶಾರ್ಟ್‌ಹ್ಯಾಂಡಿನಿಂದ ಎಲ್ಲವನ್ನೂ ಓದಿ ಹೇಳಿದೆ. ನಮ್ಮ ಮಾತೆಲ್ಲ ಇಂಗ್ಲಿಷಿನದು; ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಯ್ಯೋ, ಬೈಗುಳವನ್ನೂ ಬರ್ಕೊಂಡಿದ್ದೀಯಲ್ಲ!” ಎಂದರು.

“ಬಿಡೋದಕ್ಕೆ ನನಗೆ ಅಧಿಕಾರ ಇಲ್ಲ, ಮೇಡಂ.”

“ಮೇಡಂ ಅಂದ್ರೆ ಇಲ್ಲಿಂದ ಓಡಿಸ್ತೀನಿ. ಮಂಗಳವಾರ, ಶುಕ್ರವಾರ, ಒಂಬತ್ತು ಗಂಟೆ. ಸರೀನಾ?”

ಸರಿ ಎಂದೆ. ಎಷ್ಟು ಹೆಮ್ಮೆಯಿತ್ತು ನನಗೆ ಆ ಉತ್ತರದ ಬಗ್ಗೆ — ಬಿಡೋದಕ್ಕೆ ಅಧಿಕಾರ ಇಲ್ಲ!

ಆರು ವರ್ಷ ನಡೆಯಿತು ಆ ಕೆಲಸ. ಅವರ ಬದುಕು ಒಂದೊಂದೇ ಪುಟವಾಗಿ ನನ್ನ ಪೆನ್ಸಿಲಿನ ಕೆಳಗೆ ಹಾದುಹೋಯಿತು. ಅಮೆರಿಕದ ದಕ್ಷಿಣದ ಒಂದು ನದಿಯ ಊರು. ಬಿಳಿಯರ ಮನೆಗಳ ಬಟ್ಟೆ ಒಗೆಯುತ್ತಿದ್ದ ತಾಯಿ. ಹತ್ತೊಂಬತ್ತನೆಯ ವಯಸ್ಸಿಗೆ ಉತ್ತರದ ನಗರಕ್ಕೆ ಹೋಗಿ ಕಪ್ಪು ಜನರ ವಾರಪತ್ರಿಕೆಯೊಂದರಲ್ಲಿ ಸಾವಿನ ಸುದ್ದಿ ಬರೆಯುವ ಕೆಲಸ. ಅಲ್ಲಿಂದ ವರದಿಗಾರ್ತಿ. ಅವರದೇ ಊರಿನಲ್ಲಿ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕಿಂತ ಶಾಲೆಯನ್ನೇ ಮುಚ್ಚುವುದು ಮೇಲೆಂದು ಊರಿನ ದೊಡ್ಡವರು ಬೀಗ ಹಾಕಿದಾಗ, ವರದಿ ಮಾಡಲು ಹೋದ ಅರ್ಲೀನ್ ಹಿಂತಿರುಗಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಆ ಮಕ್ಕಳಿಗೆ ಪಾಠ ಹೇಳುತ್ತ ಒಂದು ವರ್ಷ ಉಳಿದರು. ಬಿಳಿಯರು ಕಿಟಕಿ ಒಡೆದರು, ಕೆಲಸ ಹೋಯಿತು, ಜೈಲೂ ಆಯಿತು. ಮುದ್ರಣ ಕಾರ್ಮಿಕರ ಆಹ್ವಾನದ ಮೇಲೆ ರಾಟರ್‌ಡ್ಯಾಮಿಗೆ ಬಂದವರು ಇಲ್ಲೇ ನೆಲೆಸಿದರು. ಸಂಜೆಶಾಲೆಯಲ್ಲಿ, ಹಡಗು ಮತ್ತು ಆಫೀಸುಗಳನ್ನು ತೊಳೆಯುವ ಹೆಂಗಸರಿಗೆ ಇಂಗ್ಲಿಷ್ ಕಲಿಸಿದರು. ಆ ಹೆಂಗಸರ ಕೈಯಲ್ಲೇ ಒಂದು ಹಾಳೆಯ ಪತ್ರಿಕೆ ಮಾಡಿಸಿದರು. ಡಿಸೆಂಬರಿನ ಸಿಂಟರ್‌ಕ್ಲಾಸ್ ಹಬ್ಬದಲ್ಲಿ ಇಲ್ಲಿಯವರು ಮುಖಕ್ಕೆ ಕಪ್ಪು ಬಳಿದುಕೊಂಡು ಸೇವಕರ ವೇಷ ಹಾಕುವುದನ್ನು ವಿರೋಧಿಸಿ, ಪ್ರತಿ ವರ್ಷ ಅಂಗಡಿ ಬೀದಿಯಲ್ಲಿ ಫಲಕ ಹಿಡಿದು ನಿಂತರು — ಮೊದಲ ವರ್ಷಗಳಲ್ಲಿ ಒಬ್ಬರೇ.

ನಾನು ಅದನ್ನೆಲ್ಲ ಬರೆದುಕೊಂಡೆ. ಬರೆದುಕೊಳ್ಳುವಾಗ ಮನಸ್ಸಿನಲ್ಲಿ, ಮಕ್ಕಳ ಹಬ್ಬಕ್ಕೆ ಇಷ್ಟು ರಂಪ ಯಾಕಪ್ಪ ಎಂದೂ ಅಂದುಕೊಂಡೆ. ಆದರೆ ಆಗ ನನ್ನ ಬುದ್ಧಿವಂತಿಕೆ ಕಾಗದಕ್ಕೆ ಇಳಿಯಲಿಲ್ಲ. ಒಂದು ಪದ ಬಿಡಲಿಲ್ಲ.

ಈಗ ಕಾಫಿ ಕಪ್ಪಿನ ವಿಷಯ. ಇದನ್ನು ಬರೆಯಲು ಹೋದರೆ ಕೈ ಏಳುವುದಿಲ್ಲ — ಏಳಲೇಬೇಕು.

ಡಿಕ್ಟೇಶನ್ ಮುಗಿದ ಮೇಲೆ ಹನ್ನೊಂದಕ್ಕೆ ಅವರು ನನ್ನ ಮನೆಗೆ ಕಾಫಿಗೆ ಬರುತ್ತಿದ್ದರು. ನಮ್ಮ ಫಿಲ್ಟರ್ ಕಾಫಿ ಅವರಿಗೆ ಬಹಳ ಇಷ್ಟ. ಮೊದಲನೆಯ ದಿನವೇ ನಾನು ಅವರಿಗೆಂದು ಒಂದು ನೀಲಿ ಪಿಂಗಾಣಿ ಕಪ್ ತೆಗೆದೆ. ಹೊಸದು, ಚೆಂದದ್ದು. ಅವರು ಕುಡಿದಿಟ್ಟ ಮೇಲೆ ಅದನ್ನು ಬೇರೆಯಾಗಿ ತೊಳೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕಪಾಟಿನೊಳಕ್ಕೆ ಸೇರಿಸಲಿಲ್ಲ. ಹೀಗೆ ಮಾಡಬೇಕೆಂದು ನಾನು ಕೂತು ಯೋಚಿಸಲಿಲ್ಲ. ಕೈ ತಾನಾಗಿ ಮಾಡಿತು. ಮೈಸೂರಿನ ನಮ್ಮ ಮನೆಯಲ್ಲಿ ಹಿತ್ತಲು ಗುಡಿಸಲು ಬರುತ್ತಿದ್ದ ಹೆಂಗಸಿಗೆ ಅಮ್ಮ ಗೋಡೆಯ ಮೇಲೆ ಒಂದು ಅಲ್ಯೂಮಿನಿಯಂ ಲೋಟ ಇಟ್ಟಿರುತ್ತಿದ್ದರು. ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಅದನ್ನು ನೋಡಿ ಬೆಳೆದ ಕೈ ಇದು.

ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು — ಅವರು ಮಾಂಸ ತಿನ್ನುವವರು, ನನ್ನದು ಮಡಿ ಅಡುಗೆಮನೆ. ಆದರೆ ಎದುರು ಮನೆಯ ಆನೆಕೆ? ಆ ಡಚ್ ಹೆಂಗಸೂ ಮಾಂಸ ತಿನ್ನುತ್ತಾಳೆ. ಅವಳು ಬಂದಾಗಲೆಲ್ಲ, ಅರ್ಲೀನ್ ಇದ್ದಾಗಲೂ, ನಾನು ಕಪಾಟಿನಿಂದ ಚಿನ್ನದ ಅಂಚಿನ ಸೆಟ್ ತೆಗೆಯುತ್ತಿದ್ದೆ. ನಾನೂ ಅದರಲ್ಲೇ ಕುಡಿಯುತ್ತಿದ್ದೆ, ಎಲ್ಲ ಒಟ್ಟಿಗೇ ತೊಳೆಯುತ್ತಿದ್ದೆ. ವರ್ಷಗಟ್ಟಲೆ ಈ ಎರಡು ಸಂಗತಿ ಒಂದೇ ಅಡುಗೆಮನೆಯಲ್ಲಿ ನಡೆದವು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನಾನು ನೋಡಲೇ ಇಲ್ಲ.

ನೋಡಿದವರು ಅರ್ಲೀನ್. ಅವರ ಕಣ್ಣು ವಿಚಿತ್ರವಾಗಿ ಕೆಟ್ಟಿತ್ತು — ನೇರ ಎದುರಿಗಿದ್ದದ್ದು ಕಾಣದು, ಪಕ್ಕದಲ್ಲಿದ್ದದ್ದು ಮಸುಕಾಗಿ ಕಾಣುತ್ತದೆ. ಅಕ್ಷರ ಓದಲಾಗುತ್ತಿರಲಿಲ್ಲ. ಕಿಟಕಿ ಕಟ್ಟೆಯ ನೀಲಿ ಬಣ್ಣ ಕಾಣುತ್ತಿತ್ತು.

ಒಂದು ದಿನ ತಡವಾಗಿ ಆಫೀಸಿಗೆ ಹೊರಟಿದ್ದ ಅನು ಅವಸರದಲ್ಲಿ ಒಳಗೆ ಬಂದವಳೇ, “ಅಮ್ಮ, ಟೂ ಮಿನಿಟ್ಸ್ ಅಷ್ಟೇ, ಬಸ್ ಮಿಸ್ ಆಗತ್ತೆ, ಕಾಫಿ ಕೊಡು” ಎಂದು ಕಿಟಕಿಯ ಮೇಲಿದ್ದ ನೀಲಿ ಕಪ್ಪಿಗೆ ಕೈ ಹಾಕಿದಳು. ಅರ್ಲೀನ್ ಮೇಜಿನ ಬಳಿ ಕೂತಿದ್ದರು. ನಾನು ಒಲೆಯ ಕಡೆಯಿಂದ ತಿರುಗದೆಯೇ ಹೇಳಿದೆ:

“ಅದು ಬೇಡ ಕಣೇ, ಬೇರೆ ತಗೋ.”

ಅನು ನನ್ನ ಮುಖ ನೋಡಿದಳು. ಕಪ್ ಕೆಳಗಿಟ್ಟಳು. ಅಷ್ಟೇ ಆದದ್ದು.

ಅದಾದ ಎರಡು ವಾರಕ್ಕೆ, ತಮ್ಮ ಮನೆಯಲ್ಲಿ ಎಂದಿನ ಕುರ್ಚಿಯಲ್ಲಿ ಕೂತು ಅರ್ಲೀನ್ ‘ನೆರೆಹೊರೆ’ ಎಂಬ ಅಧ್ಯಾಯ ಹೇಳಲು ಶುರುಮಾಡಿದರು. ನಮ್ಮ ಕಟ್ಟಡದ ಜಗಳಗಳ ಬಗ್ಗೆ ಹೇಳಿ ನಗಿಸಿದರು, ಲಿಫ್ಟಿನ ಬಗ್ಗೆ ಹೇಳಿದರು. ಆಮೇಲೆ ದನಿಯಲ್ಲಿ ಯಾವ ಬದಲಾವಣೆಯೂ ಇಲ್ಲದೆ, “ಹೊಸ ಪ್ಯಾರಾ” ಎಂದರು.

“ನನಗೆ ಆರು ವರ್ಷವಿದ್ದಾಗ, ಅಮ್ಮ ಬಟ್ಟೆ ಒಗೆಯುತ್ತಿದ್ದ ಮನೆಯ ಹಿತ್ತಲ ಬಾಗಿಲಿನ ಮೊಳೆಗೆ ಒಂದು ತಗಡಿನ ಲೋಟ ತೂಗುಹಾಕಿರುತ್ತಿತ್ತು. ನೀರು ಕೇಳಿದರೆ ನಮಗೆ ಅದರಲ್ಲೇ. ಎಂಬತ್ತು ದಾಟಿದ ಮೇಲೆ, ಸಮುದ್ರ ದಾಟಿದ ಮೇಲೆ, ಅದೇ ಲೋಟವನ್ನು ಮತ್ತೆ ನೋಡಿದೆ. ಈಗ ಅದು ನೀಲಿ ಪಿಂಗಾಣಿಯದು. ನನ್ನ ಗೆಳತಿಯೊಬ್ಬಳ ಮನೆಯ ಕಿಟಕಿಯ ಮೇಲೆ ಅದರ ಜಾಗ. ಉಳಿದ ಪಾತ್ರೆಗಳ ಜೊತೆ ಅದನ್ನು ತೊಳೆಯುವುದಿಲ್ಲ. ಎದುರು ಮನೆಯ ಡಚ್ ಹೆಂಗಸಿಗೆ ಚಿನ್ನದ ಅಂಚಿನ ಕಪ್. ಅವಳೂ ನಾನೂ ಮಾಂಸ ತರುವುದು ಒಂದೇ ಅಂಗಡಿಯಿಂದ. ಒಂದು ದಿನ ಗೆಳತಿಯ ಮಗಳು ನನ್ನ ಕಪ್ಪಿಗೆ ಕೈ ಹಾಕಿದಳು. ತಾಯಿ ತಮ್ಮ ಭಾಷೆಯಲ್ಲಿ ಒಂದು ಚಿಕ್ಕ ವಾಕ್ಯ ಹೇಳಿದಳು. ಆ ಭಾಷೆ ನನಗೆ ಬರುವುದಿಲ್ಲ. ಬರಬೇಕಾಗಿಯೂ ಇರಲಿಲ್ಲ. ನಾನು ಕಾಫಿ ಕುಡಿದೆ. ಕಾಫಿ ಚೆನ್ನಾಗಿತ್ತು.”

ನನ್ನ ಪೆನ್ಸಿಲ್ ನಿಲ್ಲಲಿಲ್ಲ. ಅದು ಅಭ್ಯಾಸ. ಕೈ ಮೊದಲು ಬರೆಯುತ್ತದೆ, ತಲೆ ಆಮೇಲೆ ಓದುತ್ತದೆ. ‘ಚೆನ್ನಾಗಿತ್ತು’ ಎಂಬಲ್ಲಿಗೆ ಬರುವ ಹೊತ್ತಿಗೆ ತಲೆ ಓದಿ ಮುಗಿಸಿತ್ತು. ಅವರು ಮತ್ತೆ “ಹೊಸ ಪ್ಯಾರಾ” ಎಂದು ಕಟ್ಟಡದ ಹೂಕುಂಡಗಳ ಕಥೆಗೆ ಹೋದರು. ನಾನು ಅದನ್ನೂ ಬರೆದುಕೊಂಡೆ.

ಸಂಜೆ ನಾಲ್ಕಕ್ಕೆ ಟೈಪ್ ಮಾಡಲು ಕೂತೆ. ಲಿಫ್ಟಿನ ಸಾಲು ಟೈಪ್ ಮಾಡಿದೆ. ಅದರ ಕೆಳಗೆ ಹೂಕುಂಡದ ಸಾಲು ಟೈಪ್ ಮಾಡಿದೆ. ನಡುವೆ ಒಂದು ಸಾಲಿನ ಜಾಗವನ್ನೂ ಬಿಡಲಿಲ್ಲ. ಎಷ್ಟು ಸಲೀಸಾಗಿ ಕೂಡಿಕೊಂಡಿತು ಗೊತ್ತೇ! ಗೊತ್ತಿಲ್ಲದವರು ಓದಿದರೆ ಎಡವುವುದೇ ಇಲ್ಲ. ನನ್ನ ಕೆಲಸ ಯಾವಾಗಲೂ ಅಚ್ಚುಕಟ್ಟು.

ಶುಕ್ರವಾರ ಓದಿ ಹೇಳಿದೆ. ಆ ಜಾಗಕ್ಕೆ ಬಂದಾಗ ಉಸಿರು ಕೂಡ ಬದಲಿಸದೆ ದಾಟಿದೆ. ಅರ್ಲೀನ್ ಕೈಯೆತ್ತಿದರು.

“ಇಷ್ಟೇನಾ?”

“ಇಷ್ಟೇ.”

ನನ್ನ ಕಡೆ ಮುಖ ತಿರುಗಿಸಿದರು. ನೇರ ನೋಡಿದರೆ ಅವರಿಗೆ ನಾನು ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದೇ ಧೈರ್ಯ.

“ಸರಿ, ಮುಂದೆ ಓದು” ಎಂದರು.

ಅವತ್ತೇ ನೀಲಿ ಕಪ್ಪನ್ನು ಹಳೆ ಸಾಮಾನಿನ ಅಂಗಡಿಗೆ ಕೊಟ್ಟು ಬಂದೆ. ಮುಂದಿನ ಮಂಗಳವಾರ ಅವರಿಗೆ ಚಿನ್ನದ ಅಂಚಿನ ಕಪ್ಪಿನಲ್ಲಿ ಕಾಫಿ ಕೊಟ್ಟೆ. ಅವರು ಹೆಬ್ಬೆರಳಿನಿಂದ ಅಂಚನ್ನು ಸವರಿ, “ನನ್ನ ಕಪ್ ಏನಾಯ್ತು?” ಎಂದು ಕೇಳಿದರು. “ಒಡೆದುಹೋಯ್ತು” ಎಂದೆ. ಎರಡನೆಯ ಸುಳ್ಳು. ಇದು ಮೊದಲನೆಯದಕ್ಕಿಂತ ಬೇಗ ಬಂತು.

ನನಗೆ ನನ್ನ ಮೇಲೆ ಸಿಟ್ಟು ಬರುವುದು ಸರಿಯೇ. ಆದರೆ — ಇದನ್ನೂ ಹೇಳಿಬಿಡಬೇಕು — ಈ ಮೂರು ವರ್ಷ ನನಗೆ ಅವರ ಮೇಲೂ ಸಿಟ್ಟು ಬರುತ್ತಿತ್ತು. ಮುಖಕ್ಕೆ ಹೇಳಬಹುದಿತ್ತಲ್ಲ? ವನಜಾ, ಆ ಪ್ಯಾರಾ ಎಲ್ಲಿ ಎಂದು ಒಂದು ಮಾತು ಕೇಳಬಹುದಿತ್ತಲ್ಲ? ಕೇಳಲಿಲ್ಲ. ವಾರಕ್ಕೆರಡು ಸಲ ಬಂದರು, ಕಾಫಿ ಕುಡಿದರು, ನಕ್ಕರು, ಹೋದರು. ಒಬ್ಬರೇ ಇರಲಾಗದೆ ರಾಟರ್‌ಡ್ಯಾಮಿನ ವೃದ್ಧರ ಆರೈಕೆ ಮನೆಗೆ ಹೋದ ಮೇಲೂ ಮಂಗಳವಾರ ನಾನು ಹೋಗುತ್ತಿದ್ದೆ, ಪತ್ರಿಕೆ ಓದಿ ಹೇಳುತ್ತಿದ್ದೆ. ಪ್ರತಿ ಸಲ ಮೆಟ್ರೋದಲ್ಲಿ, ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲ ಒಂದು ಕಾರಣ ಸಿಗುತ್ತಿತ್ತು. ಅವರಿಗೆ ಕೆಮ್ಮು. ನರ್ಸ್ ಒಳಗೆ ಬಂದಳು. ನನ್ನ ಮೆಟ್ರೋಗೆ ಹೊತ್ತಾಯಿತು. ತಪ್ಪು ಮಾಡಿದವಳು ನಾನು, ಅವರು ಕೇಳಲಿಲ್ಲವೆಂದು ಕೋಪ ಮಾಡಿಕೊಂಡವಳೂ ನಾನೇ.

ಇನ್ನೊಂದು ಸಂಗತಿ ಬಿಟ್ಟರೆ ಇದು ಪೂರ್ತಿಯಾಗುವುದಿಲ್ಲ. ಮೈಸೂರಿನ ನ್ಯಾಯಾಲಯದಲ್ಲಿ, ‘ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದರು’ ಎಂದು ದಲಿತ ಸಾಕ್ಷಿಗಳು ಹೇಳಿದ್ದನ್ನು ನಾನು ಹಲವಾರು ಸಲ ಬರೆದುಕೊಂಡಿದ್ದೇನೆ. ಲೋಟದ ಬಣ್ಣ, ಅದನ್ನಿಟ್ಟ ಗೂಡು, ಯಾರು ತೊಳೆಯಬೇಕಿತ್ತು — ವಕೀಲರು ಕೇಳಿದ್ದು, ಸಾಕ್ಷಿ ಹೇಳಿದ್ದು, ಎಲ್ಲ. ಒಂದು ಸಾಲು ಬಿಡಲಿಲ್ಲ. ಅದು ನನ್ನ ಬಗ್ಗೆ ಇರಲಿಲ್ಲವಲ್ಲ.

ಹೋದ ಶುಕ್ರವಾರ ಜಾಯ್ಸ್ ಬಂದಳು. ಅರ್ಲೀನ್ ಅವರ ಹಳೆಯ ವಿದ್ಯಾರ್ಥಿನಿ; ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮಿನಿಂದ ಬಂದ ಮನೆತನ, ಈಗ ಅವಳೂ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಪುಸ್ತಕ ತರುತ್ತಿದ್ದಾರೆ. ಅವಳ ಕೈಯಲ್ಲಿ ಟೈಪ್ ಮಾಡಿದ ಕಟ್ಟು, ಅದರ ಮೇಲೊಂದು ಹಾಳೆ. ‘ಹೇಳಿದ್ದನ್ನು ಏನೂ ಬಿಡದೆ ಪೂರ್ತಿಯಾಗಿ ಬರೆದಿದ್ದೇನೆ’ ಎಂದು ನಾನು ಸಹಿ ಹಾಕಬೇಕು. ಕಣ್ಣು ಕಾಣದವರು ಹೇಳಿ ಬರೆಸಿದ ಪುಸ್ತಕವಾದ್ದರಿಂದ ಅದು ಮೊದಲ ಪುಟದಲ್ಲಿ ಇರಲೇಬೇಕೆಂದು ಅರ್ಲೀನ್ ಹಟ ಹಿಡಿದಿದ್ದರಂತೆ.

“ಮೆವ್ರೌ ವನಜಾ, ಇನ್ನೊಂದು ವಿಷಯ” ಎಂದು — ಮೆವ್ರೌ ಅಂದರೆ ಡಚ್ಚರ ‘ಶ್ರೀಮತಿ’ — ಜಾಯ್ಸ್ ಒಂದು ಪುಟ ತೆಗೆದಳು. “ಇಲ್ಲಿ ಅಂಚಲ್ಲಿ ಒಂದು ಚುಕ್ಕೆ ಹಾಕು ಅಂದ್ರು. ಲಿಫ್ಟ್ ಅಂತ ಮುಗಿಯೋ ಸಾಲಿನ ಪಕ್ಕ. ಕ್ಲಾಸಲ್ಲಿ ಅವ್ರು ಹಾಗೇ ಮಾಡ್ತಿದ್ರು. ತಪ್ಪು ಏನು ಅಂತ ಹೇಳ್ತಿರ್ಲಿಲ್ಲ, ಚುಕ್ಕೆ ಇಟ್ಟು ಸುಮ್ನೆ ಕೂತಿರ್ತಿದ್ರು. ನಾವೇ ಕಂಡುಹಿಡೀಬೇಕು. ಒಂದ್ಸಲ ನನ್ನನ್ನ ಒಂದು ತಿಂಗಳು ಕಾಯಿಸಿದ್ರು! ಆದ್ರೆ ಇಲ್ಲಿ ಹತ್ತು ಸಲ ಓದಿದೆ, ತಪ್ಪೇ ಸಿಗ್ತಿಲ್ಲ. ನಿಮಗೆ ಗೊತ್ತಾ?”

ಕನ್ನಡಕ ಒಳಗಿದೆ, ಮಂಗಳವಾರ ನಾನೇ ಅಲ್ಲಿಗೆ ತರುತ್ತೇನೆ ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಜಾಯ್ಸ್ ಅದನ್ನು ನೋಡಿದಳು.

ಭಾನುವಾರ ಅನುವಿಗೆ ಹೇಳಿದೆ. ಅವಳು ಸೋಫಾದ ಮೇಲೆ ಕಾಲು ಮಡಚಿ ಕೂತು ಕೇಳಿಸಿಕೊಂಡಳು.

“ಅಮ್ಮ, ಪ್ಲೀಸ್. ಅವ್ರಿಗೆ ಎಂಬತ್ತಾರು. ಈಗ ಹೋಗಿ ಇದನ್ನ ಕೆದಕಿದ್ರೆ ಯಾರಿಗೆ ಒಳ್ಳೇದು? ಜಸ್ಟ್ ಸೈನ್ ಮಾಡು.”

“ಸುಳ್ಳಿಗೆ ಸಹಿ ಹಾಕ್ಲಾ?”

“ಮೂರು ವರ್ಷ ಸುಳ್ಳಿನ ಜೊತೆ ಕಾಫಿ ಕುಡಿದ್ಯಲ್ಲ, ಆವಾಗ ಏನೂ ಅನ್ನಿಸ್ಲಿಲ್ವಾ?” ಎಂದುಬಿಟ್ಟಳು. ಆಮೇಲೆ ತಾನೇ ತಲೆ ತಗ್ಗಿಸಿ, “ಸಾರಿ. ನಂಗೂ ಗೊತ್ತಿತ್ತು ಅಮ್ಮ, ಆ ಕಪ್ ವಿಷಯ. ಆವತ್ತೇ ಗೊತ್ತಾಯ್ತು. ನಾನೂ ಕೇಳ್ಲಿಲ್ಲ. ಬಸ್ಸಿಗೆ ಓಡ್ದೆ” ಎಂದಳು.

ಏಳು ಗಂಟೆಯಾಗುತ್ತ ಬಂತು. ದೀಪ ಹಚ್ಚಬೇಕು. ನೋಟ್‌ಬುಕ್ ಚೀಲಕ್ಕೆ ಹಾಕಿದ್ದೇನೆ. ಅದರಲ್ಲಿ ಆ ಸಾಲುಗಳು ಹಾಗೇ ಇವೆ — ಶಾರ್ಟ್‌ಹ್ಯಾಂಡಿನಲ್ಲಿ, ನಾನಲ್ಲದೆ ಈ ಊರಿನಲ್ಲಿ ಯಾರೂ ಓದಲಾರದ ಗೆರೆಗಳಲ್ಲಿ. ಅವನ್ನು ಹರಿದು ಎಸೆಯಬಹುದಿತ್ತು. ಅಷ್ಟನ್ನು ಮಾಡಲಿಲ್ಲ ಎಂಬುದನ್ನು ನನ್ನ ಒಳ್ಳೆಯತನವೆಂದು ಯಾರೂ ಎಣಿಸಬೇಡಿ.

ಅದೇ ದಿನ, ಸಂಜೆ ಆರು ಗಂಟೆ. ಉಳಿದದ್ದನ್ನು ಬರೆಯುತ್ತೇನೆ.

ಹತ್ತು ಇಪ್ಪತ್ತಕ್ಕೆ ತಲುಪಿದೆ. ಅರ್ಲೀನ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೊಣಕಾಲಿಗೆ ಕಂಬಳಿ ಹೊದ್ದು ಕೂತಿದ್ದರು. ಜಾಯ್ಸ್ ಕೂಡ ಇದ್ದಳು. ಅವಳು ಇರುತ್ತಾಳೆಂದು ನಾನು ಎಣಿಸಿರಲಿಲ್ಲ. ಒಬ್ಬರ ಮುಂದೆ ಹೇಳಲು ತಯಾರಾಗಿ ಹೋದವಳಿಗೆ ಇಬ್ಬರು ಎದುರಾದರು. ಹಿಂದಕ್ಕೆ ಹೋಗಿಬಿಡೋಣ ಎನಿಸಿತು, ನಿಜ.

“ಪತ್ರಿಕೆ ತಂದ್ಯಾ?” ಎಂದರು ಅರ್ಲೀನ್.

“ಇಲ್ಲ. ನೋಟ್‌ಬುಕ್ ತಂದಿದೀನಿ. ಹಳೇದು. ಚುಕ್ಕೆ ಇರೋ ಕಡೆ ಇದ್ದದ್ದನ್ನ ಓದ್ತೀನಿ.”

ಅವರು ಕಂಬಳಿಯ ಮೇಲೆ ಕೈ ಮಡಚಿಟ್ಟುಕೊಂಡರು. ನಾನು ಓದಿದೆ. ಎಷ್ಟು ಬಾರಿ ಓದಿದ್ದರೂ, ನನ್ನ ಬಗ್ಗೆ ಇನ್ನೊಬ್ಬರು ಹೇಳಿದ್ದನ್ನು ಅವರ ಎದುರಿಗೆ ನನ್ನದೇ ಬಾಯಲ್ಲಿ ಓದುವುದು — ಅದಕ್ಕೆ ಯಾವ ಇನ್‌ಸ್ಟಿಟ್ಯೂಟೂ ತರಬೇತಿ ಕೊಡುವುದಿಲ್ಲ. ‘ಗೆಳತಿ’ ಎಂಬ ಪದ ಬಂದಲ್ಲಿ ನಿಂತೆ. ಮತ್ತೆ ಅದೇ ಪದದಿಂದ ಓದಿ ಮುಗಿಸಿದೆ. ಆಮೇಲೆ ಹೇಳಿದೆ: ನಾನೇ ಬಿಟ್ಟೆ. ಬೇಕೆಂದೇ ಬಿಟ್ಟೆ. ಕಪ್ ಒಡೆದಿರಲಿಲ್ಲ.

ಮೊದಲು ಮಾತಾಡಿದವಳು ಜಾಯ್ಸ್.

“ಅವ್ರಿಗೆ ಕಣ್ಣು ಕಾಣಲ್ಲ ಅಂತ ಗೊತ್ತಿದ್ದೂ!” ಎಂದಳು. ಎದ್ದು ನಿಂತಿದ್ದಳು. “ಬೇರೆ ಯಾರಿಗಾದ್ರೂ ಹೀಗೆ ಮಾಡ್ತಿದ್ರಾ ನೀವು? ಆ ವಕೀಲರ ಕಾಗದದಲ್ಲಿ ಒಂದು ಸಾಲು ಬಿಡ್ತಿದ್ರಾ? ನನ್ನಮ್ಮ ಹೇಗ್‌ನಲ್ಲಿ ಮನೆ ಕ್ಲೀನ್ ಮಾಡ್ತಿದ್ಲು. ಅವಳಿಗೂ ಒಂದು ಬೇರೆ ಮಗ್ ಇತ್ತು. ಅವಳು ಸಾಯೋವರೆಗೂ ಅದನ್ನ ಯಾರ ಹತ್ರಾನೂ ಹೇಳ್ಲಿಲ್ಲ. ಇವ್ರು ಹೇಳಿದ್ರು — ನೀವು ಅಳಿಸಿಬಿಟ್ರಿ.”

ನಾನು ನೋಟ್‌ಬುಕ್ ಮುಚ್ಚಿದೆ.

“ಜಾಯ್ಸ್, ಕೂತ್ಕೋ” ಎಂದರು ಅರ್ಲೀನ್. “ಮೊದಲು ಅಚ್ಚಿನ ಪ್ರತಿ, ಆಮೇಲೆ ಕೋಪ. ಎಷ್ಟು ಸಾಲು ಅದು?”

“ಹನ್ನೊಂದು” ಎಂದೆ.

“ಒಂದು ಪದಾನೂ ತಪ್ಪಿಲ್ಲ. ನಿನ್ನ ಕೈ ಚೆನ್ನಾಗಿದೆ, ವನಜಾ. ಕೈಗೆ ಏನೂ ಆಗಿಲ್ಲ.”

ಅದು ಹೊಗಳಿಕೆಯಲ್ಲ ಎಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

ನಾನು ಕ್ಷಮೆ ಕೇಳಿದೆ. ನಿಲ್ಲಿಸದೆ ಕೇಳಿದೆ, ನನಗೆ ಹೊಂದದ ರೀತಿಯಲ್ಲಿ, ವಾಕ್ಯಗಳು ಅರ್ಧಕ್ಕೇ ತುಂಡಾಗುವ ಹಾಗೆ. ಅವರು ಕೈಯೆತ್ತಿ ತಡೆದರು.

“ಅದು ಚರ್ಚಿನವರ ಇಲಾಖೆ. ನನ್ನದು ಪತ್ರಿಕೆ. ಐವತ್ತು ವರ್ಷದಲ್ಲಿ ಒಬ್ಬರ ಮೇಲೆ ಆಪಾದನೆ ಇದ್ರೆ, ಅವರ ಕಡೆ ಮಾತು ಕೇಳದೆ ನಾನು ಒಂದು ಸಾಲನ್ನೂ ಅಚ್ಚಿಗೆ ಕಳಿಸಿಲ್ಲ. ನಮ್ಮೂರ ಶಾಲೆಗೆ ಬೀಗ ಹಾಕಿದವನ ಮಾತೂ ಕೇಳಿದ್ದೆ. ನಿನ್ನದು ಮಾತ್ರ ಕೇಳೋದು ಉಳಿದಿತ್ತು. ಆವತ್ತು ನೀನು ‘ಇಷ್ಟೇ’ ಅಂದ್ಯಲ್ಲ, ಮುಂದೆ ಕೇಳೋದಕ್ಕೆ ನನಗೆ ಬೇಜಾರಾಯ್ತು. ಈಗ ಕೇಳ್ತಿದೀನಿ. ನಿನ್ನ ಕಡೆ ಮಾತೇನು?”

“ನಮ್ಮಲ್ಲಿ ಮಡಿ ಅಂತ ಒಂದು…” ಎಂದು ಶುರುಮಾಡಿದೆ. “ನೀವು ಮಾಂಸ…”

“ಆನೆಕೆ ಹೇಗಿದಾಳೆ?” ಎಂದರು, ಬಹಳ ಮೃದುವಾಗಿ.

ನಿಲ್ಲಿಸಿದೆ. ಜಾಯ್ಸ್ ನನ್ನನ್ನೇ ನೋಡುತ್ತಿದ್ದಳು.

“ಬರೆದು ಕೊಡು” ಎಂದರು ಅರ್ಲೀನ್. “ಮೂರು ಸಾಲಿಗೆ ಮೇಲೆ ಬೇಡ. ಐದು ಗಂಟೆ ಒಳಗೆ. ಅದಾದ ಮೇಲೆ ಜಾಯ್ಸ್ ಪುಟಗಳನ್ನ ಅಂತಿಮ ಮಾಡ್ತಾಳೆ. ನಿನ್ನ ಹೆಸರು ನಾನು ಹಾಕಿಲ್ಲ, ‘ಗೆಳತಿ’ ಅಂತಷ್ಟೇ ಇದೆ. ಅದು ಹಾಗೇ ಇರತ್ತೆ. ಹೆಸರು ಬೇಕಾದ್ರೆ ನೀನು ಹಾಕ್ಕೋ, ಬೇಡದಿದ್ರೆ ಬೇಡ.”

ಬೈದಿದ್ದರೆ ಹಗುರವಾಗುತ್ತಿತ್ತು. ಅಳುತ್ತಿದ್ದರೆ ನಾನೂ ಅಳುತ್ತಿದ್ದೆ. ಅವರು ನನಗೆ ಕೆಲಸ ಕೊಟ್ಟು ಕಳುಹಿಸಿದರು. ಮೆಟ್ರೋದಲ್ಲಿ ಕೂತಾಗ ಸಿಟ್ಟು ಬಂತು — ಇಷ್ಟು ದೂರ ಬಂದು ಹೇಳಿದ ಮೇಲೂ ಏನೂ ಮುಗಿಯಲಿಲ್ಲವಲ್ಲ ಎಂದು. ಮುಗಿಸಿಕೊಡುವುದು ಅವರ ಕೆಲಸವೆಂದು ನಾನೇಕೆ ಎಣಿಸಿದ್ದೆ?

ಒಂದೂವರೆಗೆ ಮನೆ. ಊಟ ಮಾಡಲಿಲ್ಲ. ಮೊದಲು ಹನ್ನೊಂದು ಸಾಲು ಅದರ ಜಾಗಕ್ಕೆ ಸೇರಿಸಿದೆ, ಮುಂದಿನ ಪುಟಗಳ ಸಂಖ್ಯೆ ಬದಲಿಸಿದೆ, ಎರಡು ಸಲ ತಾಳೆ ನೋಡಿದೆ. ಅದಕ್ಕೆ ಇಪ್ಪತ್ತು ನಿಮಿಷ. ನನ್ನ ಮೂರು ಸಾಲಿಗೆ ಹೆಚ್ಚುಕಡಿಮೆ ಮೂರು ಗಂಟೆ.

ಮೊದಲನೆಯ ಕರಡು ಇಡೀ ಪುಟವಾಯಿತು. ಅದರಲ್ಲಿ ಅಮ್ಮ ಇದ್ದರು, ಮೈಸೂರಿತ್ತು, ಕಾಲ ಹಾಗಿತ್ತು ಎಂಬುದಿತ್ತು. ಓದಿದೆ. ಅಮ್ಮನನ್ನು ಮುಂದಕ್ಕೆ ತಳ್ಳಿ ನಾನು ಹಿಂದೆ ನಿಂತಿದ್ದೆ. ಅಳಿಸಿದೆ. ಎರಡನೆಯದರಲ್ಲಿ ಅರ್ಲೀನ್ ಬಗ್ಗೆ ನನಗಿರುವ ಗೌರವದ ಬಗ್ಗೆ ಬರೆದಿದ್ದೆ. ಗೌರವವಿದ್ದವಳು ಕಪ್ ಯಾಕೆ ಬೇರೆ ತೊಳೆದಳು? ಅಳಿಸಿದೆ. ಮೂರನೆಯದು ‘ಆದರೆ’ ಎಂದೇ ಶುರುವಾಯಿತು. ನಾಲ್ಕನೆಯದರಲ್ಲಿ ‘ನೋವಾಗಿದ್ದರೆ’ ಎಂದು ಬರೆದಿದ್ದೆ — ‘ಆಗಿದ್ದರೆ’ ಅಂತೆ! ಮೇಜು ಗುದ್ದಿದೆ. ಇತರರ ಮಾತನ್ನು ಮೂವತ್ತೈದು ವರ್ಷ ತಪ್ಪಿಲ್ಲದೆ ಬರೆದ ಕೈಗೆ ತನ್ನದೊಂದು ನೇರ ವಾಕ್ಯ ಬರುತ್ತಿಲ್ಲ.

ನಾಲ್ಕೂ ಮುಕ್ಕಾಲಿಗೆ ಬರೆದದ್ದು ಇದು: ‘ಆ ಕಪ್ಪನ್ನು ಬೇರೆ ಇಟ್ಟವಳು ನಾನು, ವನಜಾ, ಈ ಪುಸ್ತಕದ ಟೈಪಿಸ್ಟ್. ಮೇಲಿನ ಹನ್ನೊಂದು ಸಾಲನ್ನು ಲೇಖಕಿಗೆ ತಿಳಿಸದೆ ಮೂರು ವರ್ಷ ಬಿಟ್ಟಿದ್ದವಳೂ ನಾನೇ. ನನ್ನ ಕಡೆಯ ಮಾತನ್ನು ಅವರು ಕೇಳಿದರು, ನಾನು ಬಹಳ ಹುಡುಕಿದೆ, ಅವರು ಹೇಳಿದ್ದು ನಿಜ.’

ಫೋನ್ ಮಾಡಿದೆ. ಜಾಯ್ಸ್ ತೆಗೆದು, ಮಾತಾಡದೆ ಅರ್ಲೀನ್ ಅವರ ಕಿವಿಗೆ ಹಿಡಿದಳು. ಓದಿದೆ.

“ಮೂರನೇ ಸಾಲಲ್ಲಿ ‘ನಾನು ಬಹಳ ಹುಡುಕಿದೆ’ ಅನ್ನೋದನ್ನ ತೆಗೆ” ಎಂದರು. “ನಿನ್ನ ಶ್ರಮ ಓದುಗರಿಗೆ ಬೇಡ.”

ತೆಗೆದೆ. ಮತ್ತೆ ಓದಿದೆ.

“ಹಾಂ. ಕಳಿಸು.”

ಮುಂದಿನ ಮಂಗಳವಾರ ಬರಬಹುದೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವರೂ ಬಾ ಎನ್ನಲಿಲ್ಲ. ಫೋನ್ ಇಟ್ಟ ಸದ್ದಾಯಿತು.

ಐದಕ್ಕೆ ಎರಡು ನಿಮಿಷವಿರುವಾಗ ಎಲ್ಲ ಪುಟಗಳನ್ನು ಜಾಯ್ಸ್‌ಗೆ ಕಳುಹಿಸಿದೆ. ಆಮೇಲೆ ಆ ಹಾಳೆಯನ್ನು ಮುಂದಿಟ್ಟುಕೊಂಡು, ‘ಏನೂ ಬಿಡದೆ ಪೂರ್ತಿಯಾಗಿ’ ಎಂಬ ಸಾಲಿನ ಕೆಳಗೆ ಸಹಿ ಮಾಡಿದೆ. ಅದರ ಫೋಟೋ ಜಾಯ್ಸ್‌ಗೆ ಕಳುಹಿಸಿ, ಹಾಳೆಯನ್ನು ಲಕೋಟೆಗೆ ಹಾಕಿ, ಅಂಟಿಸಿ, ಕೆಳಗಿಳಿದು ಬೀದಿಯ ಮೂಲೆಯ ಅಂಚೆಪೆಟ್ಟಿಗೆಗೆ ಹಾಕಿ ಬಂದೆ.